ಮಾದರಿಗೆ ಕಾಣದ ಪ್ಯಾಕೆಟ್ ನಷ್ಟ: ಬ್ರಾಡ್‌ಬ್ಯಾಂಡ್ ದಟ್ಟಣೆಯ ಗಣಿತ ಮಾದರಿಗೊಂದು ದೋಷ ನಿವಾರಣೆ ಕೈಪಿಡಿ

ದೋಷದ ಲಕ್ಷಣ

ಲಿಂಕಿನ ಬಳಕೆ ಶೇ. 50ರ ಆಸುಪಾಸಿನಲ್ಲಿದೆ ಎಂದು ಮೇಲ್ವಿಚಾರಣೆಯ ಗ್ರಾಫ್ ತೋರಿಸುತ್ತದೆ. ಆ ಅಂಕಿಯನ್ನು ಸರತಿ ಸಾಲಿನ ಮಾದರಿಗೆ ಕೊಟ್ಟರೆ ವಿಳಂಬ ಕೆಲವೇ ಮೈಕ್ರೊಸೆಕೆಂಡು, ನಷ್ಟ ಸೊನ್ನೆ ಎಂಬ ಉತ್ತರ ಬರುತ್ತದೆ. ಆದರೆ ಅದೇ ಲಿಂಕಿನ ಪೋರ್ಟಿನಲ್ಲಿ ಬಿದ್ದುಹೋದ ಪ್ಯಾಕೆಟ್‌ಗಳ (ದತ್ತಾಂಶದ ಸಣ್ಣ ಕಟ್ಟುಗಳ) ಎಣಿಕೆ ದಿನವೂ ಏರುತ್ತಿರುತ್ತದೆ, ವಿಡಿಯೊ ಕರೆಗಳು ತಡವರಿಸುತ್ತವೆ, ಬಳಕೆದಾರರ ದೂರು ನಿಲ್ಲುವುದಿಲ್ಲ. ಈ ಕೈಪಿಡಿ ಈ ಒಂದು ದೋಷವನ್ನಷ್ಟೇ ಕುರಿತದ್ದು.

ಲೆಕ್ಕಕ್ಕಾಗಿ ಒಂದು ಲಿಂಕನ್ನು ಇಟ್ಟುಕೊಳ್ಳೋಣ: ವೇಗ ಸೆಕೆಂಡಿಗೆ 1 ಗಿಗಾಬಿಟ್, ಬಫರ್ (ಪ್ಯಾಕೆಟ್‌ಗಳು ಸರತಿಯಲ್ಲಿ ಕಾಯುವ ಜಾಗ) 4 ಮೆಗಾಬೈಟ್, ಐದು ನಿಮಿಷದ ಸರಾಸರಿ ಬಳಕೆ ಶೇ. 52. ಪ್ಯಾಕೆಟ್‌ಗಳು 1500 ಬೈಟಿನವಾದರೆ ಬಫರಿನಲ್ಲಿ ಸುಮಾರು 2,660 ಪ್ಯಾಕೆಟ್ ಹಿಡಿಸುತ್ತವೆ. ಪಾಯ್ಸಾನ್ ಆಗಮನ (ಒಂದಕ್ಕೊಂದು ಸಂಬಂಧವಿಲ್ಲದೆ ಯಾದೃಚ್ಛಿಕವಾಗಿ ಬರುವುದು), ಘಾತೀಯ ಸೇವಾಕಾಲ, ಒಂದೇ ಸೇವಾಕೇಂದ್ರ ಎಂಬ ಪಠ್ಯಪುಸ್ತಕದ ಮಾದರಿಯಲ್ಲಿ ಸರತಿ ಆ ಉದ್ದವನ್ನು ಮುಟ್ಟುವ ಸಂಭವನೀಯತೆ ಎಂದರೆ 0.52 ಅನ್ನು ಅದರಿಂದಲೇ 2,660 ಸಲ ಗುಣಿಸಿದಷ್ಟು. ದಶಾಂಶ ಬಿಂದುವಿನ ನಂತರ 750 ಸೊನ್ನೆಗಳನ್ನು ಬರೆದರೂ ಮೊದಲ ಅಂಕಿ ಬಂದಿರುವುದಿಲ್ಲ. ಎಂದೂ ಆಗಲಾರದು ಎಂದು ಮಾದರಿ ಹೇಳುವುದು ದಿನಕ್ಕೆ ಹಲವು ಸಲ ಆಗುತ್ತಿದೆ ಎಂದರೆ, ಈ ಅಂತರವನ್ನು ಸಣ್ಣಪುಟ್ಟ ತಿದ್ದುಪಡಿ ಮುಚ್ಚಲಾರದು. ಬಳಕೆಯನ್ನು ಒಂದೂವರೆ ಪಟ್ಟು ಮಾಡಿ ಲೆಕ್ಕ ಹಾಕಿದರೂ ಉತ್ತರ ಸೊನ್ನೆಯೇ. ಆದ್ದರಿಂದ ಸುರಕ್ಷತೆಗೆಂದು ಒಂದು ಗುಣಕವನ್ನು ಸೇರಿಸಿ ಮುಂದೆ ಹೋಗುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಅದು ದೋಷವನ್ನು ಉಳಿಸಿಕೊಂಡು ಅದರ ಗುರುತನ್ನು ಮಾತ್ರ ಅಳಿಸುತ್ತದೆ. ನನ್ನ ಅನುಭವದಲ್ಲಿ ಈ ದೋಷದ ಬೇರು ಬಹುತೇಕ ಒಂದೇ ಕಡೆ ಇರುತ್ತದೆ: ಸರತಿ ತುಂಬಿ ಬರಿದಾಗುವ ಕಾಲ ಮಿಲಿಸೆಕೆಂಡುಗಳದ್ದು, ಮಾದರಿಗೆ ನಾವು ಕೊಟ್ಟ ಅಂಕಿ ನಿಮಿಷಗಳದ್ದು. ಆ ತೀರ್ಮಾನಕ್ಕೆ ಬರುವ ಮೊದಲು ಅಳತೆಯೇ ಸುಳ್ಳಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಅಳತೆಯ ತಪ್ಪುಗಳು

ಮೊದಲು ನೋಡಬೇಕಾದದ್ದು ಎಣಿಕೆಯ ಕೌಂಟರ್. ಜಾಲದ ಸಾಧನಗಳ ಮೇಲ್ವಿಚಾರಣೆಗೆ ಬಳಸುವ ಎಸ್‌ಎನ್‌ಎಂಪಿ ಶಿಷ್ಟಾಚಾರದ ಹಳೆಯ ಬೈಟ್ ಕೌಂಟರ್ 32 ಬಿಟ್ಟಿನದು. 4,29,49,67,296 ತಲುಪಿದ ಕೂಡಲೇ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಪೂರ್ತಿ ತುಂಬಿದ 1 ಗಿಗಾಬಿಟ್ ಲಿಂಕಿನಲ್ಲಿ ಇದು ಸುಮಾರು 34 ಸೆಕೆಂಡಿಗೊಮ್ಮೆ ನಡೆಯುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದರೆ ನಡುವೆ ಕೌಂಟರ್ ಎಷ್ಟು ಸುತ್ತು ಹಾಕಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಇದರ ಗುರುತು ಸ್ಪಷ್ಟ: ಗ್ರಾಫಿನ ಗೆರೆ ಎಷ್ಟೇ ಏರಿಳಿದರೂ ಸೆಕೆಂಡಿಗೆ 114 ಮೆಗಾಬಿಟ್‌ಗಿಂತ ಚೂರು ಮೇಲಿರುವ ಒಂದು ಮಿತಿಯನ್ನು ಎಂದೂ ದಾಟುವುದಿಲ್ಲ, ಏಕೆಂದರೆ 300 ಸೆಕೆಂಡಿನಲ್ಲಿ ಒಂದು ಸುತ್ತಿಗಿಂತ ಹೆಚ್ಚು ಎಣಿಸಲು ಅದಕ್ಕೆ ಸಾಧ್ಯವಿಲ್ಲ. 64 ಬಿಟ್ಟಿನ ಕೌಂಟರಿಗೆ ಬದಲಾಯಿಸಿದರೆ ಈ ತೊಂದರೆ ಮುಗಿಯುತ್ತದೆ.

ಎರಡನೆಯದು ಕೌಂಟರ್ ಎಣಿಸದೆ ಬಿಡುವ ಬೈಟುಗಳು. ಈಥರ್ನೆಟ್ಟಿನ ಪ್ರತಿ ಫ್ರೇಮಿನ (ಪ್ಯಾಕೆಟ್ಟನ್ನು ಹೊತ್ತು ತಂತಿಯ ಮೇಲೆ ಹೋಗುವ ಕಟ್ಟಿನ) ಮುಂದೆ 8 ಬೈಟಿನ ಪೂರ್ವಸಂಜ್ಞೆ, ಎರಡು ಫ್ರೇಮುಗಳ ನಡುವೆ ಕನಿಷ್ಠ 12 ಬೈಟಿನಷ್ಟು ಖಾಲಿ ಜಾಗ ಇರಲೇಬೇಕು. ಈ 20 ಬೈಟುಗಳು ತಂತಿಯ ಮೇಲಿನ ಕಾಲವನ್ನು ತಿನ್ನುತ್ತವೆ, ಆದರೆ ಕೌಂಟರಿಗೆ ಬರುವುದಿಲ್ಲ. ಎಲ್ಲ ಫ್ರೇಮುಗಳೂ 64 ಬೈಟಿನವಾದರೆ ಲಿಂಕ್ ಸಂಪೂರ್ಣ ತುಂಬಿದಾಗಲೂ ಗ್ರಾಫ್ ಶೇ. 76 ಎಂದೇ ತೋರಿಸುತ್ತದೆ. ದೊಡ್ಡ ಫ್ರೇಮುಗಳಲ್ಲಿ ಈ ವ್ಯತ್ಯಾಸ ನಗಣ್ಯ. ಧ್ವನಿ ಕರೆಗಳಂತಹ ಸಣ್ಣ ಪ್ಯಾಕೆಟ್‌ಗಳು ಹೆಚ್ಚಿರುವ ಕಡೆ ಮಾತ್ರ ಬೈಟುಗಳ ಜೊತೆ ಪ್ಯಾಕೆಟ್‌ಗಳ ಎಣಿಕೆಯನ್ನೂ ತೆಗೆದುಕೊಂಡು, ಪ್ರತಿ ಪ್ಯಾಕೆಟ್ಟಿಗೆ 20 ಬೈಟ್ ಸೇರಿಸಿ ಬಳಕೆಯನ್ನು ಮತ್ತೆ ಲೆಕ್ಕ ಹಾಕಬೇಕು.

ಮೂರನೆಯದು ಪ್ಯಾಕೆಟ್ ಸೆರೆಹಿಡಿಯುವ ಯಂತ್ರದ್ದು, ಮತ್ತು ಇದರಲ್ಲಿ ಅನುಭವಿಗಳೂ ಎಡವುತ್ತಾರೆ. ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1500 ಬೈಟ್ ಎಂದಿರುವ ಜಾಲದಲ್ಲಿ ಸೆರೆಹಿಡಿದ ಕಡತವನ್ನು ತೆರೆದಾಗ 20 ಅಥವಾ 60 ಸಾವಿರ ಬೈಟಿನ ಪ್ಯಾಕೆಟ್‌ಗಳು ಕಂಡರೆ, ಜಾಲದ ಕಾರ್ಡ್ ಅಥವಾ ಕಾರ್ಯಾಚರಣೆ ವ್ಯವಸ್ಥೆ ಹಲವು ಪ್ಯಾಕೆಟ್‌ಗಳನ್ನು ಒಂದಾಗಿಸಿ ಕೊಟ್ಟಿದೆ ಎಂದರ್ಥ. ಅಂಥ ಕಡತದಿಂದ ತೆಗೆದ ಆಗಮನದ ಅಂತರಗಳಿಗೂ ತಂತಿಯ ಮೇಲೆ ನಡೆದದ್ದಕ್ಕೂ ಸಂಬಂಧವಿಲ್ಲ. ಲಿನಕ್ಸ್ ಯಂತ್ರವಾದರೆ ಎಥ್‌ಟೂಲ್ ಎಂಬ ಸಲಕರಣೆಯ ಮೂಲಕ ಈ ಒಗ್ಗೂಡಿಸುವಿಕೆಯನ್ನು ನಿಲ್ಲಿಸಿ ಮತ್ತೆ ಸೆರೆಹಿಡಿಯಬೇಕು. ಗಾತ್ರ ಸರಿಯಿದ್ದರೂ ಇಂಟರಪ್ಟ್‌ಗಳನ್ನು (ಪ್ಯಾಕೆಟ್ ಬಂತೆಂದು ಪ್ರೊಸೆಸರಿಗೆ ಹೇಳುವ ಸೂಚನೆಗಳನ್ನು) ಗುಂಪಾಗಿ ಕೊಡುವ ಕಾರ್ಡುಗಳಲ್ಲಿ ಹತ್ತಾರು ಪ್ಯಾಕೆಟ್‌ಗಳಿಗೆ ಬಹುತೇಕ ಒಂದೇ ಸಮಯದ ಮುದ್ರೆ ಬೀಳುತ್ತದೆ. 1 ಗಿಗಾಬಿಟ್ ಲಿಂಕಿನಲ್ಲಿ 1500 ಬೈಟಿನ ಎರಡು ಪ್ಯಾಕೆಟ್‌ಗಳು 12 ಮೈಕ್ರೊಸೆಕೆಂಡಿಗಿಂತ ಹತ್ತಿರ ಬರಲಾರವು; ಕಡತದಲ್ಲಿ ಅದಕ್ಕಿಂತ ಕಡಿಮೆ ಅಂತರ ಕಂಡರೆ ಆ ಮುದ್ರೆಗಳನ್ನು ನಂಬಬಾರದು. ದಟ್ಟಣೆಯ ಪ್ರತಿಯನ್ನು ಹೊರಬಿಡುವ ನಕಲು ಪೋರ್ಟಿನಿಂದ ಸೆರೆಹಿಡಿಯುವವರು ಇನ್ನೊಂದನ್ನು ಮರೆಯಬಾರದು: ಎರಡೂ ದಿಕ್ಕಿನ ದಟ್ಟಣೆ ಸೇರಿ ಆ ಪೋರ್ಟಿನ ವೇಗವನ್ನು ಮೀರಿದಾಗ ನಕಲೇ ಪ್ಯಾಕೆಟ್ ಕಳೆದುಕೊಳ್ಳುತ್ತದೆ, ಅದೂ ನಮಗೆ ಬೇಕಾದ ದಟ್ಟ ಕ್ಷಣದಲ್ಲಿಯೇ.

ಬಫರ್ ಬರಿದಾಗುವ ಕಾಲ

ಅಳತೆ ಸರಿಯಿದೆ ಎಂದಾದ ಮೇಲೆ ಕಾಗದದ ಮೇಲೆ ಒಂದು ಭಾಗಾಕಾರ ಮಾಡಿ: ಬಫರಿನ ಗಾತ್ರವನ್ನು ಬಿಟ್ಟುಗಳಲ್ಲಿ ಬರೆದು ಲಿಂಕಿನ ವೇಗದಿಂದ ಭಾಗಿಸಿ. ನಮ್ಮ ಲಿಂಕಿನಲ್ಲಿ 4 ಮೆಗಾಬೈಟ್ ಎಂದರೆ 32 ಮೆಗಾಬಿಟ್. ತುಂಬಿದ ಬಫರ್ ಬರಿದಾಗಲು 32 ಮಿಲಿಸೆಕೆಂಡ್ ಸಾಕು. ಈ ಸರತಿಗೆ ನೆನಪಿರುವುದು ಹೆಚ್ಚುಕಡಿಮೆ ಅಷ್ಟೇ ಕಾಲದ್ದು. ಐದು ನಿಮಿಷದ ಸರಾಸರಿ ಅದಕ್ಕಿಂತ 9,000 ಪಟ್ಟಿಗೂ ಹೆಚ್ಚು ಉದ್ದದ ಕಿಟಕಿ. ಆ ಕಿಟಕಿಯಿಂದ ನೋಡಿ ಸರತಿಯ ಬಗ್ಗೆ ತೀರ್ಪು ಕೊಡುವುದು, ವರ್ಷದ ಒಟ್ಟು ಮಳೆಯನ್ನು ನೋಡಿ ಇಂದು ಸಂಜೆ ಚರಂಡಿ ಉಕ್ಕುವುದೋ ಇಲ್ಲವೋ ಎಂದು ಹೇಳಿದಂತೆ.

ಈಗ ಹತ್ತಿರದಿಂದ ನೋಡಿ. ಈ ಲಿಂಕ್ ಹೊರಡುವ ಸ್ವಿಚ್ಚಿಗೆ ಒಳಬರುವ ಪೋರ್ಟಿನ ವೇಗ 10 ಗಿಗಾಬಿಟ್ ಇದ್ದು, ಅತ್ತಲಿನ ಸರ್ವರ್ ಒಂದು ಕಡತದ ತುಣುಕನ್ನು ಪೂರ್ಣ ವೇಗದಲ್ಲಿ ಒಟ್ಟಿಗೆ ಕಳುಹಿಸಿತು ಎನ್ನೋಣ. ಒಳಗೆ ಬರುವುದು 10, ಹೊರಗೆ ಹೋಗುವುದು 1. ಉಳಿದ 9 ಗಿಗಾಬಿಟ್ ವೇಗದಲ್ಲಿ ಬಫರ್ ತುಂಬುತ್ತದೆ. 32 ಮೆಗಾಬಿಟ್ ತುಂಬಲು ಬೇಕಾದದ್ದು 3.6 ಮಿಲಿಸೆಕೆಂಡ್. ಅಷ್ಟರಲ್ಲಿ ಬಂದ ದತ್ತಾಂಶ ಸುಮಾರು 4.4 ಮೆಗಾಬೈಟ್, ಐದು ನಿಮಿಷದ ಸರಾಸರಿಯಲ್ಲಿ ಅದರ ಪಾಲು ಸೆಕೆಂಡಿಗೆ 0.12 ಮೆಗಾಬಿಟ್. ಗ್ರಾಫಿನಲ್ಲಿ ಅದು ಗೆರೆಯ ದಪ್ಪಕ್ಕಿಂತ ಕಡಿಮೆ. ಆದರೂ ಆ ಕ್ಷಣದಲ್ಲಿ ಬಂದ ಉಳಿದೆಲ್ಲರ ಪ್ಯಾಕೆಟ್‌ಗಳೂ, ಕರೆಯಲ್ಲಿ ಮಾತನಾಡುತ್ತಿದ್ದವರದ್ದೂ ಸೇರಿ, ನೆಲಕ್ಕೆ ಬೀಳುತ್ತವೆ.

ಆದ್ದರಿಂದ ಸೆರೆಹಿಡಿದ ದಟ್ಟಣೆಯನ್ನು 1 ಸೆಕೆಂಡ್, 100, 10 ಮತ್ತು 1 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ಅಳತೆಯಲ್ಲೂ ಗರಿಷ್ಠ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಸೆರೆಹಿಡಿಯುವ ಸ್ಥಳ ಇಲ್ಲಿ ಬಹಳ ಮುಖ್ಯ. ಹೊರಹೋಗುವ ಪೋರ್ಟಿನಲ್ಲಿ ನೋಡಿದರೆ ವೇಗ ಎಂದೂ 1 ಗಿಗಾಬಿಟ್ ಮೀರುವುದಿಲ್ಲ, 3.6 ಮಿಲಿಸೆಕೆಂಡಿನ ನೆರೆ ಅಲ್ಲಿ ಸುಮಾರು 36 ಮಿಲಿಸೆಕೆಂಡ್ ಕಾಲ ಬಿಡುವಿಲ್ಲದೆ ಹರಿದ ಸಾಧಾರಣ ಹೊಳೆಯಂತೆ ಕಾಣುತ್ತದೆ. ನೆರೆ ನೆರೆಯಾಗಿಯೇ ಕಾಣಬೇಕಾದರೆ ಒಳಬರುವ ಕಡೆ ಅಳೆಯಬೇಕು.

ಕಾರಣ ಇದೇ ಎಂದು ತಿಳಿದುಬಂದರೆ ಮಾದರಿಗೆ ಹೊಸ ನಿಯತಾಂಕಗಳನ್ನು ಸೇರಿಸುವ ಅಗತ್ಯವಿಲ್ಲ. ಕಳುಹಿಸುವ ಯಂತ್ರ ಪ್ಯಾಕೆಟ್‌ಗಳನ್ನು ಸಮಾನ ಅಂತರದಲ್ಲಿ ಬಿಡುವಂತೆ ಮಾಡುವುದು, ಇಲ್ಲವೇ ವೇಗ ಕುಗ್ಗುವ ಸ್ಥಳದಲ್ಲಿ ದಟ್ಟಣೆಯನ್ನು ನಯಗೊಳಿಸುವುದು ಪರಿಹಾರ. ದಾರಿಯಲ್ಲಿ ಟೋಕನ್ ಬಕೆಟ್ (ನಿಗದಿತ ವೇಗದಲ್ಲಿ ತುಂಬುವ ಅನುಮತಿಗಳ ಲೆಕ್ಕ) ಆಧಾರದ ವೇಗನಿಯಂತ್ರಕವೇನಾದರೂ ಇದೆಯೇ ಎಂಬುದನ್ನೂ ಈ ಹಂತದಲ್ಲೇ ನೋಡಿ. ಅದು ಸಾಲು ನಿಲ್ಲಿಸುವುದಿಲ್ಲ, ಮಿತಿ ಮೀರಿದ್ದನ್ನು ನೇರವಾಗಿ ಬಿಸಾಡುತ್ತದೆ, ಹಾಗಾಗಿ ಯಾವ ಸರತಿ ಮಾದರಿಯೂ ಆ ನಷ್ಟವನ್ನು ವಿವರಿಸಲಾರದು.

ಪಾಯ್ಸಾನ್ ಊಹೆಯ ಪರೀಕ್ಷೆ

ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳ ಆಗಮನಕ್ಕೆ ಪಾಯ್ಸಾನ್ ನಿಯಮವನ್ನು ಅನ್ವಯಿಸಿದಾಗ ಅದಕ್ಕೆ ಗಟ್ಟಿ ಆಧಾರವಿತ್ತು: ಸಾವಿರಾರು ಜನ ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ತಮ್ಮ ಪಾಡಿಗೆ ತಾವು ಫೋನ್ ಎತ್ತುತ್ತಾರೆ. ಪ್ಯಾಕೆಟ್‌ಗಳು ಹಾಗೆ ಬರುವುದಿಲ್ಲ. ಒಬ್ಬನು ಒಂದು ಪುಟ ತೆರೆದರೆ ನೂರಾರು ಪ್ಯಾಕೆಟ್‌ಗಳು ಒಂದರ ಬಾಲ ಹಿಡಿದು ಒಂದು ಬರುತ್ತವೆ. ವರ್ನ್ ಪ್ಯಾಕ್ಸನ್ ಮತ್ತು ಸ್ಯಾಲಿ ಫ್ಲಾಯ್ಡ್ 1995ರಲ್ಲಿ ತೋರಿಸಿದ್ದು ಈ ಭೇದವನ್ನೇ: ಮನುಷ್ಯರು ಆರಂಭಿಸುವ ಸೆಷನ್‌ಗಳ ಆಗಮನಕ್ಕೆ ಪಾಯ್ಸಾನ್ ನಿಯಮ ಚೆನ್ನಾಗಿ ಹೊಂದುತ್ತದೆ, ಪ್ಯಾಕೆಟ್‌ಗಳ ಆಗಮನಕ್ಕೆ ಹೊಂದುವುದಿಲ್ಲ. ಮಾದರಿಯಲ್ಲಿ ಎಲ್ಲಿ ಯಾವುದನ್ನು ಊಹಿಸಿದ್ದೀರಿ ಎಂಬುದನ್ನು ಬರೆದು ನೋಡಿ.

ಪರೀಕ್ಷೆ ಸರಳ. 10 ಮಿಲಿಸೆಕೆಂಡಿನ ಪ್ರತಿ ತುಂಡಿನಲ್ಲಿ ಬಂದ ಪ್ಯಾಕೆಟ್‌ಗಳನ್ನು ಎಣಿಸಿ, ಆ ಎಣಿಕೆಗಳ ವೇರಿಯನ್ಸನ್ನು (ಎಣಿಕೆಗಳ ಚದುರಿಕೆಯ ಅಳತೆಯನ್ನು) ಸರಾಸರಿಯಿಂದ ಭಾಗಿಸಿ. ಪಾಯ್ಸಾನ್ ಆದರೆ ಉತ್ತರ 1ರ ಹತ್ತಿರ ಇರಬೇಕು, ಮತ್ತು ತುಂಡಿನ ಉದ್ದವನ್ನು 100 ಮಿಲಿಸೆಕೆಂಡ್, 1 ಸೆಕೆಂಡ್ ಎಂದು ಬೆಳೆಸಿದರೂ 1ರಲ್ಲೇ ನಿಲ್ಲಬೇಕು. ಅದು 1ಕ್ಕಿಂತ ಬಹಳ ಮೇಲಿದ್ದು ಒಂದು ಎತ್ತರದಲ್ಲಿ ನಿಂತುಬಿಟ್ಟರೆ ದಟ್ಟಣೆ ಗುಂಪುಗುಂಪಾಗಿ ಬರುತ್ತಿದೆ, ಆದರೆ ನೆನಪು ಚಿಕ್ಕದು. ಗುಂಪು ಆಗಮನದ ಸಾಧಾರಣ ಮಾದರಿ ಸಾಕು. ತುಂಡು ಉದ್ದವಾದಷ್ಟೂ ಅನುಪಾತ ಏರುತ್ತಲೇ ಹೋದರೆ ಮಾತ್ರ ದೀರ್ಘಕಾಲದ ಅವಲಂಬನೆಯ, ಅಂದರೆ ಹಿಂದಿನ ದಟ್ಟಣೆಯ ಪ್ರಭಾವ ಬಹಳ ಹೊತ್ತು ಉಳಿಯುವುದರ, ಪ್ರಶ್ನೆ ಬರುತ್ತದೆ.

ಲೆಲ್ಯಾಂಡ್, ತಕ್ಕು, ವಿಲಿಂಜರ್ ಮತ್ತು ವಿಲ್ಸನ್ ಎಂಬ ನಾಲ್ವರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಅಮೆರಿಕದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಪ್ರಯೋಗಾಲಯದ ಈಥರ್ನೆಟ್ಟಿನಲ್ಲಿ ಅಳೆದ ದಟ್ಟಣೆ ಮಿಲಿಸೆಕೆಂಡಿನಲ್ಲಿ ನೋಡಿದರೂ ನಿಮಿಷದಲ್ಲಿ ನೋಡಿದರೂ ಒಂದೇ ಬಗೆಯ ಏರಿಳಿತ ತೋರುತ್ತಿತ್ತು. ಸರಾಸರಿ ತೆಗೆದರೆ ನಯವಾಗಬೇಕಿದ್ದದ್ದು ನಯವಾಗುತ್ತಿರಲಿಲ್ಲ. ಈ ಸ್ವಸಾದೃಶ್ಯವನ್ನು ಅಳೆಯುವ ಹರ್ಸ್ಟ್ ಸಂಖ್ಯೆಗೆ ಆ ಹೆಸರು ಬಂದದ್ದು ನೈಲ್ ನದಿಯ ನೀರಿನ ಏರಿಳಿತವನ್ನು ಅಧ್ಯಯನ ಮಾಡಿದ ಹೆರಾಲ್ಡ್ ಹರ್ಸ್ಟ್ ಅವರಿಂದ. ಪಾಯ್ಸಾನ್ ದಟ್ಟಣೆಗೆ ಈ ಸಂಖ್ಯೆ 0.5. ಅಂಥ ದಟ್ಟಣೆಯಲ್ಲಿ 100 ತುಂಡುಗಳನ್ನು ಸೇರಿಸಿ ಸರಾಸರಿ ತೆಗೆದರೆ ವೇರಿಯನ್ಸ್ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹರ್ಸ್ಟ್ ಸಂಖ್ಯೆ 0.8 ಇದ್ದರೆ ಆರನೇ ಒಂದು ಭಾಗಕ್ಕಷ್ಟೇ.

ಬಫರಿನ ಲೆಕ್ಕದಲ್ಲಿ ಇದರ ಪರಿಣಾಮ ಕಠೋರ. ಇಲ್ಕ ನೋರೋಸ್ 1994ರಲ್ಲಿ ಕೊಟ್ಟ ಮಾದರಿಯ ಪ್ರಕಾರ ಸರತಿ ಒಂದು ಉದ್ದವನ್ನು ಮೀರುವ ಸಂಭವನೀಯತೆ ಘಾತೀಯ ವೇಗದಲ್ಲಿ ಇಳಿಯದೆ ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ನಷ್ಟ ಸಾವಿರಕ್ಕೆ ಒಂದರಷ್ಟಿದೆ, ಅದನ್ನು ಹತ್ತು ಲಕ್ಷಕ್ಕೆ ಒಂದಕ್ಕೆ ಇಳಿಸಬೇಕು ಎನ್ನೋಣ. ಹರ್ಸ್ಟ್ ಸಂಖ್ಯೆ 0.5 ಆದರೆ ಬಫರನ್ನು ಎರಡು ಪಟ್ಟು ಮಾಡಿದರೆ ಸಾಕು, 0.8 ಆದರೆ ಅದೇ ಎರಡು ಪಟ್ಟು ಬಫರಿನಿಂದ ಸಿಗುವುದು ಹತ್ತು ಸಾವಿರಕ್ಕೆ ಒಂದು ಮಾತ್ರ, ಗುರಿ ಮುಟ್ಟಲು ಸುಮಾರು 5.7 ಪಟ್ಟು ಬೇಕು, ಜೊತೆಗೆ ವಿಳಂಬವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಬಫರ್ ಹಿಗ್ಗಿಸಿ ಫಲ ಕಾಣದವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಹರ್ಸ್ಟ್ ಸಂಖ್ಯೆಯ ಬಲೆ

ಹರ್ಸ್ಟ್ ಸಂಖ್ಯೆ 0.9 ಬಂದ ಕೂಡಲೇ ಕಾರಣ ಸಿಕ್ಕಿತು ಎಂದುಕೊಳ್ಳುವುದು ಅವಸರ. ಬೆಳಗಿನಿಂದ ಸಂಜೆಯವರೆಗಿನ ದಟ್ಟಣೆಯ ಸಹಜ ಏರಿಕೆ, ಮಧ್ಯದಲ್ಲಿ ಆರಂಭವಾದ ಒಂದು ಬ್ಯಾಕಪ್, ಮಾರ್ಗ ಬದಲಾವಣೆಯಿಂದ ಸರಾಸರಿ ಒಮ್ಮೆಲೇ ಜಿಗಿದದ್ದು, ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಶುದ್ಧ ಪಾಯ್ಸಾನ್ ದಟ್ಟಣೆಗೂ 0.5ಕ್ಕಿಂತ ಬಹಳ ಮೇಲಿನ ಅಂದಾಜು ಬರುತ್ತದೆ. ದಟ್ಟ ಗಂಟೆಯನ್ನು ಹತ್ತು ಹತ್ತು ನಿಮಿಷದ ಆರು ಭಾಗ ಮಾಡಿ, ಪ್ರತಿ ಭಾಗದ ಸರಾಸರಿ ಮತ್ತು ವೇರಿಯನ್ಸನ್ನು ಬೇರೆಬೇರೆಯಾಗಿ ನೋಡಿ. ಅವು ಒಂದಕ್ಕೊಂದು ಹೊಂದದಿದ್ದರೆ ಒಂದೇ ಹರ್ಸ್ಟ್ ಸಂಖ್ಯೆಗೆ ಅರ್ಥವಿಲ್ಲ. ವೇರಿಯನ್ಸ್ ಗ್ರಾಫಿಗೆ ಗೆರೆ ಎಳೆಯುವ ಬದಲು ವೇವ್‌ಲೆಟ್ (ದಟ್ಟಣೆಯನ್ನು ಬೇರೆಬೇರೆ ಕಾಲಮಾನಗಳಾಗಿ ಬಿಡಿಸಿ ನೋಡುವ ಗಣಿತ ವಿಧಾನ) ಆಧಾರದ ಅಂದಾಜನ್ನು ಬಳಸುವುದು ಉತ್ತಮ. ನಿಧಾನವಾದ ಏರಿಕೆ ಇಳಿಕೆಗಳನ್ನು ಅದು ತಾನಾಗಿ ಬದಿಗೆ ಸರಿಸುತ್ತದೆ, ಒಮ್ಮೆಲೇ ಆಗುವ ಜಿಗಿತಗಳನ್ನು ಮಾತ್ರ ನಾವೇ ಕಣ್ಣಿಟ್ಟು ಹುಡುಕಬೇಕು.

ಇನ್ನೂ ಮುಖ್ಯವಾದ ಮಾತೊಂದಿದೆ. ಅವಲಂಬನೆ ಗಂಟೆಗಳಷ್ಟು ಉದ್ದವಿದ್ದರೂ 32 ಮಿಲಿಸೆಕೆಂಡಿನ ಬಫರಿಗೆ ಅದರಲ್ಲಿ ಎಷ್ಟು ತಾಗುತ್ತದೆ? ಇದಕ್ಕೆ ನೇರ ಉತ್ತರ ಕೊಡುವ ಕಲಕುವ ಪರೀಕ್ಷೆ ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು. ಸೆರೆಹಿಡಿದ ದಟ್ಟಣೆಯನ್ನು ಒಂದು ಸರತಿಯ ಅನುಕರಣೆಗೆ ಹರಿಸಿ ನಷ್ಟವನ್ನು ಬರೆದುಕೊಳ್ಳಿ. ನಂತರ ದಟ್ಟಣೆಯನ್ನು 1 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ತುಂಡುಗಳ ಒಳಗನ್ನು ಮುಟ್ಟದೆ ಅವುಗಳ ಕ್ರಮವನ್ನು ಮಾತ್ರ ಇಸ್ಪೀಟಿನ ಎಲೆಗಳಂತೆ ಕಲಕಿ ಮತ್ತೆ ಹರಿಸಿ. ನಷ್ಟ ಬದಲಾಗದಿದ್ದರೆ ಒಂದು ಸೆಕೆಂಡಿಗಿಂತ ಉದ್ದದ ನೆನಪಿಗೂ ಈ ದೋಷಕ್ಕೂ ಸಂಬಂಧವಿಲ್ಲ. ತುಂಡನ್ನು 100, ಆಮೇಲೆ 10 ಮಿಲಿಸೆಕೆಂಡಿಗೆ ಇಳಿಸುತ್ತಾ ಹೋಗಿ. ನಷ್ಟ ಯಾವ ಅಳತೆಯಲ್ಲಿ ದಿಢೀರನೆ ಕುಸಿಯುತ್ತದೆಯೋ ದೋಷದ ಮನೆ ಅದೇ ಕಾಲಮಾನದಲ್ಲಿದೆ. ಮಾದರಿ ಆ ಕಾಲಮಾನದವರೆಗಿನ ಅವಲಂಬನೆಯನ್ನು ಹಿಡಿದರೆ ಸಾಕು. ಹೀಗಾಗಿ ಬಫರ್ ಚಿಕ್ಕದಿರುವ ಕಡೆ, ಕೆಲವೇ ಸ್ಥಿತಿಗಳ ಮಾರ್ಕೊವ್ ಮಾದರಿ (ಮುಂದಿನ ಸ್ಥಿತಿ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸುವ ಮಾದರಿ) ಹೆಚ್ಚಿನ ಕೆಲಸವನ್ನು ಮಾಡಿಕೊಡುತ್ತದೆ.

ಬೇಗ ನಿಲ್ಲಿಸಿದ ಅನುಕರಣೆ

ದೀರ್ಘ ನೆನಪಿನ ಮೂಲ ಕಡತಗಳ ಗಾತ್ರದಲ್ಲಿದೆ. ಗಾತ್ರದ ವಿತರಣೆಯ ಬಾಲ ಭಾರವಾಗಿದ್ದು (ಅಂದರೆ ಅತಿ ದೊಡ್ಡ ಕಡತಗಳೂ ಆಗಾಗ ಬರುತ್ತಿದ್ದು) ಅದರ ಘಾತಾಂಕ ಆಲ್ಫಾ 1 ಮತ್ತು 2ರ ನಡುವೆ ಇದ್ದರೆ, ಅಂಥ ಅನೇಕ ಮೂಲಗಳು ಕೂಡಿದಾಗ ಬರುವ ಹರ್ಸ್ಟ್ ಸಂಖ್ಯೆ ಎಂದರೆ 3ರಿಂದ ಆಲ್ಫಾ ಕಳೆದು ಬಂದದ್ದರ ಅರ್ಧ; ಆಲ್ಫಾ 1.4 ಆದರೆ 0.8. ಇಂಥ ವಿತರಣೆಯಿಂದ ದಟ್ಟಣೆಯನ್ನು ಹುಟ್ಟಿಸುವ ಅನುಕರಣೆಯಲ್ಲಿ ಸರಾಸರಿ ನೆಲೆಗೊಳ್ಳುವುದೇ ದುಸ್ತರ. ಆಲ್ಫಾ 1.2 ಇದ್ದಾಗ ಸರಾಸರಿಯ ದೋಷ ಮಾದರಿ ಗಾತ್ರದ ಆರನೇ ಮೂಲದಷ್ಟು ನಿಧಾನವಾಗಿ ಕುಗ್ಗುತ್ತದೆ, ಅಂದರೆ ಶೇ. 1ರ ನಿಖರತೆಗೆ ಒಂದು ಲಕ್ಷ ಕೋಟಿ ಸ್ಯಾಂಪಲ್‌ಗಳು ಬೇಕು. ಅನುಕರಣೆಗೆ ಶೇ. 52 ಬಳಕೆ ಎಂದು ಹೇಳಿ, ಅದು ಶೇ. 40ರಲ್ಲೇ ಓಡಿ ನಷ್ಟವಿಲ್ಲ ಎಂದು ವರದಿ ಮಾಡಿದ್ದರೆ ಆಶ್ಚರ್ಯವಿಲ್ಲ. ಪ್ರತಿ ಓಟದಲ್ಲೂ ನಿಜವಾಗಿ ಸಿಕ್ಕ ಬಳಕೆಯನ್ನು ಮುದ್ರಿಸಿ, ಕೊಟ್ಟ ಅಂಕಿಗೆ ಹೋಲಿಸಿ. ಕಡತಗಳಿಗೆ ನಿಜಜೀವನದಲ್ಲಿರುವ ಒಂದು ಗರಿಷ್ಠ ಗಾತ್ರವನ್ನು ನಿಗದಿಪಡಿಸಿದರೆ ಈ ಕಾಟ ಬಹಳಷ್ಟು ತಗ್ಗುತ್ತದೆ.

ಜಾಲ ಮಾದರಿಗೆ ಕೊಡುವ ಮರುಉತ್ತರ

ಕೊನೆಯ ಶಂಕಿತ ಟಿಸಿಪಿ, ಅಂದರೆ ಕಳುಹಿಸುವ ವೇಗವನ್ನು ಜಾಲದ ಸ್ಥಿತಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಅಂತರ್ಜಾಲದ ಶಿಷ್ಟಾಚಾರ. ಮೇಲಿನ ಎಲ್ಲ ಲೆಕ್ಕದಲ್ಲೂ ದಟ್ಟಣೆ ಹೊರಗಿನಿಂದ ಬರುತ್ತದೆ, ಸರತಿ ಅದನ್ನು ಸಹಿಸಿಕೊಳ್ಳುತ್ತದೆ ಎಂದು ಊಹಿಸಿದ್ದೇವೆ. ಟಿಸಿಪಿ ಹರಿವುಗಳು ನಷ್ಟ ಕಂಡರೆ ತಗ್ಗುತ್ತವೆ, ಜಾಗ ಕಂಡರೆ ಹಿಗ್ಗುತ್ತವೆ. ನಷ್ಟವನ್ನೇ ಸೂಚನೆಯಾಗಿ ಬಳಸುವ ಸಾಂಪ್ರದಾಯಿಕ ಟಿಸಿಪಿಯಲ್ಲಿ ದೀರ್ಘ ಹರಿವಿನ ವೇಗ ನಷ್ಟದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ನಷ್ಟ ಕಾಲು ಭಾಗಕ್ಕೆ ಇಳಿದರೆ ವೇಗ ಎರಡು ಪಟ್ಟಾಗುತ್ತದೆ. ಆದ್ದರಿಂದ ಇಂದು ಸೆರೆಹಿಡಿದ ದಟ್ಟಣೆಯನ್ನು 2 ಗಿಗಾಬಿಟ್ ಲಿಂಕಿಗೆ ಹರಿಸಿ ಮುಂದಿನ ವರ್ಷದ ನಷ್ಟವನ್ನು ಹೇಳಲಾಗದು. ಲಿಂಕ್ ಹಿಗ್ಗಿದ ದಿನವೇ ದಟ್ಟಣೆಯ ಆಕಾರವೂ ಬದಲಾಗಿರುತ್ತದೆ. ಅಳೆದ ಬಳಕೆಯಲ್ಲಿ ಮರುಪ್ರಸಾರದ ಪ್ಯಾಕೆಟ್‌ಗಳೂ ಸೇರಿರುವುದರಿಂದ ನಷ್ಟವಿರುವ ಲಿಂಕಿನಲ್ಲಿ ಬೇಡಿಕೆಯೂ ತಪ್ಪಾಗಿಯೇ ದಾಖಲಾಗಿರುತ್ತದೆ.

ಪ್ರಶ್ನೆ ಡೌನ್‌ಲೋಡ್ ವೇಗದ್ದಾದರೆ ಪ್ಯಾಕೆಟ್ ಮಟ್ಟವನ್ನು ಬಿಟ್ಟು ಹರಿವಿನ ಮಟ್ಟಕ್ಕೆ ಏರುವುದು ಲೇಸು. ಸೆಷನ್‌ಗಳು ಪಾಯ್ಸಾನ್ ಆಗಿ ಬರುತ್ತವೆ, ಬಂದವರೆಲ್ಲ ಲಿಂಕನ್ನು ಸಮವಾಗಿ ಹಂಚಿಕೊಳ್ಳುತ್ತಾರೆ ಎಂದು ಊಹಿಸಿದರೆ, ಒಂದು ಕಡತದ ಸರಾಸರಿ ವರ್ಗಾವಣೆ ಕಾಲ ಎಂದರೆ ಖಾಲಿ ಲಿಂಕಿನಲ್ಲಿ ತಗಲುವ ಕಾಲವನ್ನು 1ರಿಂದ ಬಳಕೆ ಕಳೆದು ಬಂದದ್ದರಿಂದ ಭಾಗಿಸಿದಷ್ಟು. 12.5 ಮೆಗಾಬೈಟಿನ ಕಡತಕ್ಕೆ ನಮ್ಮ ಲಿಂಕಿನಲ್ಲಿ 0.1 ಸೆಕೆಂಡ್ ಬದಲು 0.21 ಸೆಕೆಂಡ್. ಈ ಸೂತ್ರದ ಚೆಲುವು ಏನೆಂದರೆ ಗಾತ್ರದ ವಿತರಣೆಯ ಬಾಲ ಎಷ್ಟೇ ಭಾರವಿರಲಿ, ಉತ್ತರ ಬದಲಾಗುವುದಿಲ್ಲ. ಬೇಕಾದದ್ದು ಸರಾಸರಿ ಬೇಡಿಕೆ ಮಾತ್ರ. ಬಳಕೆದಾರನ ಸ್ವಂತ ಸಂಪರ್ಕದ ವೇಗ ಇದಕ್ಕಿಂತ ಕಡಿಮೆಯಿದ್ದರೆ ಆ ವೇಗವೇ ಮಿತಿ. ಕರೆ ಮತ್ತು ಆಟಗಳ ವಿಳಂಬದ ಪ್ರಶ್ನೆಗೆ ಮಾತ್ರ ಮೇಲೆ ಹೇಳಿದ ಮಿಲಿಸೆಕೆಂಡಿನ ಮಾದರಿ ಅನಿವಾರ್ಯ.

ಸರಿಪಡಿಸಿದ ಮೇಲೆ ವಾರದ ಏಳೂ ದಿನಗಳ ದಟ್ಟ ಗಂಟೆಯನ್ನು ಮತ್ತೆ ಒಳಬರುವ ಪೋರ್ಟಿನಲ್ಲಿ ಸೆರೆಹಿಡಿದು, ಮಾದರಿ ಹೇಳಿದ ನಷ್ಟವನ್ನೂ ಪೋರ್ಟಿನ ಎಣಿಕೆಯನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಎರಡರ ಅಂತರ ಹತ್ತು ಪಟ್ಟಿನೊಳಗೆ ಬಂದರೆ ಅಪರೂಪದ ಘಟನೆಗಳ ಮಟ್ಟಿಗೆ ಅದು ಒಳ್ಳೆಯ ಮಾದರಿ. ಬರದಿದ್ದರೆ ಕಲಕುವ ಪರೀಕ್ಷೆಯನ್ನು ಹೊಸ ದಟ್ಟಣೆಯ ಮೇಲೆ ಮತ್ತೊಮ್ಮೆ ಮಾಡಿ. ದೋಷ ಹಳೆಯ ಕಾಲಮಾನವನ್ನು ಬಿಟ್ಟು ಬೇರೊಂದಕ್ಕೆ ಸರಿದಿರುತ್ತದೆ.